ಸೂಲಗಿತ್ತಿ: ಪದವೂ ಪರಿಚರ್ಯೆಯೂ

ಪ್ರಸವಕಾಲದಲ್ಲಿ ಗರ್ಭಿಣಿಯ ಪಕ್ಕದಲ್ಲಿದ್ದು ಅವಳಿಗೆ ಧೈರ್ಯವನ್ನು ಹೇಳುವ ಸ್ತ್ರೀಯನ್ನು ಈಚೆಗೆ 'ಡೂಲಾ' ಎಂಬ ಹೆಸರಿನಿಂದ ಕರೆಯುವ ರೂಢಿಯು ನಮ್ಮ ನಗರಗಳಿಗೂ ಬಂದಿದೆ. ಹೆಸರು ಹೊಸದು, ಆದರೆ ಆ ಹೆಸರಿನಿಂದ ಸೂಚಿತವಾಗುವ ಪರಿಚರ್ಯೆಯು ಹೊಸದೇ ಎಂಬುದು ವಿಚಾರಾರ್ಹವಾದ ವಿಷಯ. ಪ್ರಕೃತ ಲೇಖನದಲ್ಲಿ ಮೊದಲು ನಮ್ಮ 'ಸೂಲಗಿತ್ತಿ' ಶಬ್ದವನ್ನೂ, ಅನಂತರ ವೈದ್ಯಸಂಹಿತೆಗಳ ವಿಧಿಯನ್ನೂ, ಕೊನೆಯಲ್ಲಿ ಆ ಪರಿಚರ್ಯೆಯ ಲೋಪ ಮತ್ತು ಪುನರುದಯಗಳನ್ನೂ ಸಂಗ್ರಹವಾಗಿ ನಿರೂಪಿಸುವೆನು.

'ಸೂಲು' ಎಂಬುದನ್ನು ಸಂಸ್ಕೃತದ 'ಸೂತಿ' ಶಬ್ದದ ತದ್ಭವವೆಂದು ಭಾವಿಸುವುದು ಸುಲಭ. ಆದರೆ ತಮಿಳಿನ 'ಚೂಲ್', ತೆಲುಗಿನ 'ಚೂಲು' ಎಂಬ ಶಬ್ದಗಳು ಗರ್ಭವೆಂಬ ಅರ್ಥದಲ್ಲಿಯೇ ಇರುವುದರಿಂದ ಇದು ದ್ರಾವಿಡ ಭಾಷೆಗಳ ಸ್ವಂತ ಧನವೆಂದು ತಿಳಿಯಬೇಕು. ಸರದಿಯೆಂಬ ಅರ್ಥದ ಹಳಗನ್ನಡದ 'ಸೂೞ್' ಶಬ್ದವಾದರೋ ಬೇರೆ, ಅದರಲ್ಲಿ ರಳಾಕ್ಷರವಿದೆ. ಇನ್ನು '-ಗಿತ್ತಿ' ಎಂಬುದು ಸ್ತ್ರೀಲಿಂಗವಾಚಕವಾದ ಪ್ರತ್ಯಯ. ಒಕ್ಕಲಿಗನಿಗೆ ಒಕ್ಕಲಗಿತ್ತಿ, ಮದುವಣಿಗನಿಗೆ ಮದುವಣಗಿತ್ತಿ, ಅಗಸನಿಗೆ ಅಗಸಗಿತ್ತಿ. ಸೂಲಗಿತ್ತಿಗೆ ಮಾತ್ರ ಸರಿಜೋಡಿಯಾದ ಪುಲ್ಲಿಂಗರೂಪವು ಬಳಕೆಯಲ್ಲಿ ಕಾಣದು. ಇತರ ಸ್ತ್ರೀಯರು ಗಂಡನ ವೃತ್ತಿಯಿಂದ ಹೆಸರನ್ನು ಪಡೆದರೆ, ಇವಳು ತನ್ನ ಕೈಯ ಕೆಲಸದಿಂದಲೇ ಪಡೆದಳು. ಇಷ್ಟು ಸ್ವತಂತ್ರವಾದ ಹೆಸರು ನಮ್ಮ ಹಳ್ಳಿಯ ಹೆಂಗಸರಲ್ಲಿ ಬಹಳ ಮಂದಿಗೆ ದೊರೆತಿಲ್ಲ.

ಈಗ ಸಂಹಿತೆಗಳನ್ನು ನೋಡೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಪ್ರಸವಿಸುವವಳ ಬಳಿ ಶಂಕೆಗೆ ಎಡೆಯಿಲ್ಲದವರೂ ವಯಸ್ಸಿನಲ್ಲಿ ಮಾಗಿದವರೂ ಹೆರಿಗೆಯಲ್ಲಿ ಕುಶಲರೂ ಉಗುರು ಕತ್ತರಿಸಿಕೊಂಡವರೂ ಆದ ನಾಲ್ವರು ಸ್ತ್ರೀಯರು ಇರಬೇಕೆಂದು ಹೇಳಿದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಇನ್ನೂ ಮುಂದೆ ಹೋಗುತ್ತದೆ. ಸೂತಿಕಾಗಾರದಲ್ಲಿರುವ ಸ್ತ್ರೀಯರು ಹಲವು ಸಲ ಹೆತ್ತವರು, ಸೌಹಾರ್ದವುಳ್ಳವರು, ಸಮಯಕ್ಕೆ ತಕ್ಕುದನ್ನು ತಿಳಿದು ಮಾಡಬಲ್ಲವರು, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರು, ವಿಷಾದವನ್ನು ಬಿಟ್ಟವರು, ಕ್ಲೇಶವನ್ನು ಸಹಿಸಬಲ್ಲವರು, ಅಭಿಮತರಾದವರು ಆಗಿರಬೇಕು. ಈ ವಿಶೇಷಣಗಳಲ್ಲಿ ಕೈಚಳಕಕ್ಕೆ ಸಂಬಂಧಿಸಿದವು ಕೆಲವೇ; ಬಹುಪಾಲು ಮನಸ್ಸಿಗೆ ಸಂಬಂಧಿಸಿದವು ಎಂಬುದನ್ನು ವಾಚಕರು ಗಮನಿಸಬೇಕು.

ಅದೇ ಅಧ್ಯಾಯದಲ್ಲಿ ಒಂದು ಸ್ವಾರಸ್ಯವಾದ ಮತಭೇದವಿದೆ. ನೋವು ಬಂದರೂ ಹೆರಿಗೆಯಾಗದಿದ್ದಾಗ, ಗರ್ಭಿಣಿಯು ಒನಕೆಯನ್ನು ಹಿಡಿದು ಧಾನ್ಯವನ್ನು ಕುಟ್ಟಬೇಕೆಂದು ಕೆಲವರ ಮತ. ಆತ್ರೇಯನು ಇದನ್ನು ಒಪ್ಪುವುದಿಲ್ಲ. ಗರ್ಭಿಣಿಗೆ ಕಠಿಣವಾದ ವ್ಯಾಯಾಮವು ಸರ್ವಕಾಲದಲ್ಲಿಯೂ ವರ್ಜ್ಯ. ಪ್ರಸವಕಾಲದಲ್ಲಿ ಅದರಿಂದ ಪ್ರಾಣಾಪಾಯವೇ ಉಂಟಾಗಬಹುದು. ಆದುದರಿಂದ ಆಕಳಿಸುವುದೂ ಅತ್ತಿತ್ತ ನಡೆದಾಡುವುದೂ ಸಾಕು ಎಂದು ಅವನ ಸಿದ್ಧಾಂತ. ನೋವು ಬಾರದಿರುವಾಗ ಮುಕ್ಕಬಾರದು, ಬಂದಾಗ ಮೆಲ್ಲಮೆಲ್ಲನೆ ಬಲವನ್ನು ಹೆಚ್ಚಿಸಬೇಕು ಎಂದು ಪಕ್ಕದ ಸ್ತ್ರೀಯರು ಅವಳಿಗೆ ತಿಳಿಸಬೇಕು. ಅವಳು ಹೆರುತ್ತಿರುವಾಗ ಹೆತ್ತೆ, ಧನ್ಯಳಾದೆ ಎಂಬ ಅಭಿಪ್ರಾಯದ ಮಾತುಗಳನ್ನು ಆಡಬೇಕು. ಆ ಹರ್ಷದಿಂದ ಅವಳ ಪ್ರಾಣಗಳು ತಣಿಯುತ್ತವೆ. ಇಲ್ಲಿ ಮಾತೇ ಔಷಧವಾಗಿದೆ. ಹೆರಿಗೆಯ ಬಳಿಕವೂ ಪರಿಚರ್ಯೆಯು ಮುಗಿಯುವುದಿಲ್ಲ. ಒಂದೂವರೆ ತಿಂಗಳು ಸೂತಿಕೆಯ ಆಹಾರವಿಹಾರಗಳನ್ನು ನೋಡಿಕೊಳ್ಳಬೇಕೆಂದು ಸುಶ್ರುತನ ಮತ. ನಮ್ಮ ಮನೆಗಳ ಬಾಣಂತನವು ಈ ಭಾವನೆಯ ಲೌಕಿಕ ರೂಪ.

ಹೀಗೆ ಒಬ್ಬಳಲ್ಲಿಯೇ ಎರಡು ಕಾರ್ಯಗಳು ಸೇರಿದ್ದುವು: ಒಂದು, ಶಿಶುವನ್ನು ಹಿಡಿದು ಹೊಕ್ಕುಳುಬಳ್ಳಿಯನ್ನು ಕತ್ತರಿಸುವ ಕ್ರಿಯೆ; ಇನ್ನೊಂದು, ಹೆರುವವಳ ಬಳಿಯಿದ್ದು ಅವಳನ್ನು ಬಿಡದಿರುವ ಸಖ್ಯ. ಮೊದಲನೆಯದರಲ್ಲಿ ಸೂಲಗಿತ್ತಿಯ ಕಡೆಯಿಂದ ದೋಷಗಳು ನಡೆಯುತ್ತಿದ್ದುದನ್ನು ಮರೆಮಾಚಲಾಗದು. ಶುದ್ಧಿಯಿಲ್ಲದ ಕುಡುಗೋಲಿನಿಂದ ಧನುರ್ವಾಯುವೂ, ತೊಳೆಯದ ಕೈಯಿಂದ ಬಾಣಂತಿಸನ್ನಿಯೂ ತಗುಲಿ ಎಷ್ಟೋ ಮಂದಿ ತಾಯಂದಿರೂ ಕೂಸುಗಳೂ ಸತ್ತರು. ಆದರೆ ಈ ದೋಷವು ಹಳ್ಳಿಯವಳದು ಮಾತ್ರವಲ್ಲ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ, ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ತಾಯಂದಿರು ಹೆಚ್ಚಾಗಿ ಸಾಯುತ್ತಿದ್ದುದನ್ನು ಕಂಡು, ಸೆಮ್ಮೆಲ್ವೈಸ್ ಎಂಬ ವೈದ್ಯನು ೧೮೪೭ರಲ್ಲಿ ಕೈತೊಳೆಯುವ ನಿಯಮವನ್ನು ಜಾರಿಗೆ ತಂದನು. ಉಗುರು ಕತ್ತರಿಸಿಕೊಂಡಿರಬೇಕೆಂಬ ಸುಶ್ರುತನ ಮಾತಿನ ಬೆಲೆಯು ಇದರಿಂದ ವ್ಯಕ್ತವಾಗುವುದು.

ಭಾರತದಲ್ಲಿ ೧೮೮೫ರಲ್ಲಿ ಡಫರಿನ್ ನಿಧಿಯೂ, ದಾಯಿಯರ ಶಿಕ್ಷಣಕ್ಕಾಗಿ ೧೯೦೩ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯೂ ಸ್ಥಾಪಿತವಾದುವು. ಬೆಂಗಳೂರಿನಲ್ಲಿ ೧೯೩೫ರಲ್ಲಿ ವಾಣಿವಿಲಾಸ ಆಸ್ಪತ್ರೆಯು ಆರಂಭವಾಯಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಇದರಿಂದ ಉಳಿದ ಪ್ರಾಣಗಳು ಅಸಂಖ್ಯ. ಆದರೆ ಮೊದಲನೆಯ ಕಾರ್ಯವನ್ನು ಸಮರ್ಥರು ವಹಿಸಿಕೊಂಡಾಗ ಎರಡನೆಯದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಹೆರುವವಳು ಬಾಗಿಲೊಳಗೆ, ಅವಳ ತಾಯಿ ಬಾಗಿಲ ಹೊರಗೆ ಎಂಬಂತಾಯಿತು.

ಈ ಲೋಪವು ಪಾಶ್ಚಾತ್ಯರಿಗೂ ಗೋಚರವಾಯಿತು. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ ಎಂಬವಳು ೧೯೭೩ರ ತನ್ನ ಗ್ರಂಥದಲ್ಲಿ, ಹೊಸ ತಾಯಿಗೆ ನೆರವಾಗುವವಳಿಗೆ 'ಡೂಲಾ' ಎಂಬ ಗ್ರೀಕ್ ಮೂಲದ ಹೆಸರನ್ನು ಬಳಸಿದಳು. ಗ್ವಾಟೆಮಾಲಾ ದೇಶದಲ್ಲಿ ನಡೆದು ೧೯೮೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತೊಡಕಿಲ್ಲದೆ ಹೆತ್ತ ೪೦ ಮಂದಿಯನ್ನು ಹೋಲಿಸಲಾಗಿ, ಜೊತೆಗಾತಿಯಿದ್ದವರಿಗೆ ಸರಾಸರಿ ಸುಮಾರು ೯ ಗಂಟೆಯಲ್ಲಿಯೂ ಇಲ್ಲದವರಿಗೆ ಸುಮಾರು ೧೯ ಗಂಟೆಯಲ್ಲಿಯೂ ಹೆರಿಗೆಯಾಯಿತು. ಆ ಜೊತೆಗಾತಿಯಾದರೋ ವೈದ್ಯಶಿಕ್ಷಣವಿಲ್ಲದ, ತಾಯಿಗೆ ಪರಿಚಯವೂ ಇಲ್ಲದ ಹೆಂಗಸು. ೨೦೧೭ರಲ್ಲಿ ೧೭ ದೇಶಗಳ ೧೫,೦೦೦ಕ್ಕೂ ಹೆಚ್ಚು ಸ್ತ್ರೀಯರ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೂ ಶಸ್ತ್ರಪ್ರಸವವು ಕಡಮೆಯಾಗುವುದೆಂದು ಸೂಚಿಸಿತು. ೨೦೧೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಹೆರುವವಳು ತಾನೇ ಆರಿಸಿದ ಜೊತೆಗಾರರು ಬಳಿಯಿರಬೇಕೆಂದು ವಿಧಿಸಿತು. ಚರಕನ 'ಅಭಿಮತ' ಎಂಬ ವಿಶೇಷಣವು ಇಲ್ಲಿ ಸ್ಮರಣೀಯ.

ಅದೇ ೨೦೧೮ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅಕ್ಷರಾಭ್ಯಾಸವಿಲ್ಲದ ಅವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಹಣವನ್ನು ಮುಟ್ಟದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. ಆ ವರ್ಷದ ಡಿಸೆಂಬರ್ ೨೫ರಂದು ಕಾಲವಾದರು. ವೃತ್ತಿನಾಮವೇ ಅವರಿಗೆ ಬಿರುದಾಯಿತು.

ಗ್ರೀಕ್ ಭಾಷೆಯ ಮೂಲಶಬ್ದಕ್ಕೆ 'ದಾಸಿ' ಎಂದು ಅರ್ಥ. ಕನ್ನಡದ ಶಬ್ದದಲ್ಲಿ ಅಂಥ ಹೀನತೆಯು ಲೇಶವೂ ಇಲ್ಲ. ಆದರೆ ಶಬ್ದವು ಗೌರವವನ್ನು ಕೊಟ್ಟರೂ ಸಮಾಜವು ಕೊಡಲಿಲ್ಲ. ಕೂಸನ್ನು ಎತ್ತಿಕೊಟ್ಟವಳನ್ನು ಎಷ್ಟೋ ಮನೆಗಳಲ್ಲಿ ಹಜಾರದೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದುದರಿಂದ ಶಸ್ತ್ರವು ವೈದ್ಯನ ಕೈಯಲ್ಲಿರಲಿ; ಸಖ್ಯಕ್ಕೆ ಮಾತ್ರ ಹೆರಿಗೆಯ ಕೋಣೆಯಲ್ಲಿ ಸ್ಥಾನವೂ ಕೆಲಸಕ್ಕೆ ತಕ್ಕ ವೇತನವೂ ದೊರೆಯಲಿ. ಅವಳಿಗೆ ಹೆಸರನ್ನು ಹುಡುಕಲು ನಾವು ಕಡಲನ್ನು ದಾಟಬೇಕಾಗಿಲ್ಲ.