ಮೆಕೆಂಜಿಯ ಜಲವರ್ಣಗಳು, ಹೆಸರಿಲ್ಲದ ಕೈಗಳು

ನಾಗಪುರದಿಂದ ಬೆಂಗಳೂರಿಗೆ ಹೊರಟ ರೈಲು ಸೇವಾಗ್ರಾಮವನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂಗಣಘಾಟನ್ನು ಹಾದುಹೋಗುತ್ತದೆ. ಈ ಊರಿನಲ್ಲಿ ವಿಲಿಯಂ ಲ್ಯಾಂಬ್ಟನ್ನನ ಸಮಾಧಿಯಿದೆ. ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟ ಆತ 1823ರ ಜನವರಿಯಲ್ಲಿ ನಾಗಪುರದ ಹಾದಿಯಲ್ಲಿದ್ದಾಗ ಅಲ್ಲಿ ತೀರಿಕೊಂಡನು. ಅವನ ಕೆಲಸ ಮೊದಲಾದದ್ದು ನಮ್ಮ ಬೆಂಗಳೂರಿನಲ್ಲಿ, 1800ರಲ್ಲಿ. ಅದೇ ಕಾಲಕ್ಕೆ, ಅದೇ ಮೈಸೂರು ಸೀಮೆಯಲ್ಲಿ, ಬೇರೊಂದು ಬಗೆಯ ಮೋಜಣಿಗೆ ಇಳಿದವನು ಕಾಲಿನ್ ಮೆಕೆಂಜಿ. ನಾವು ಇಲ್ಲಿ ನೆನೆಯಬಯಸುವುದು ಈ ಎರಡನೆಯವನನ್ನು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದ ಮೆಕೆಂಜಿ 1783ರಲ್ಲಿ ಮದರಾಸಿಗೆ ಬಂದನು. 1821ರಲ್ಲಿ ಕಲ್ಕತ್ತೆಯ ಬಳಿ ಸಾಯುವವರೆಗೆ ತಾಯ್ನಾಡಿಗೆ ಮರಳಲಿಲ್ಲ. ವೃತ್ತಿಯಿಂದ ಅವನು ಚಿತ್ರಕಾರನಲ್ಲ, ಸೈನ್ಯದ ಎಂಜಿನಿಯರ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು. ಟಿಪ್ಪು ಮಡಿದ ಅದೇ ವರ್ಷ ಹಂಪೆಯ ಮೊದಲ ನಕ್ಷೆಯೂ ಅಲ್ಲಿನ ಮೊದಲ ಜಲವರ್ಣಗಳೂ ಅವನ ಉಸ್ತುವಾರಿಯಲ್ಲಿ ಸಿದ್ಧವಾದವು. ಒಂದು ರಾಜಧಾನಿಯನ್ನು ಕೆಡವಿದ ಸೈನ್ಯದವನೇ ಎರಡು ಶತಮಾನಗಳ ಹಿಂದೆ ಹಾಳಾದ ಮತ್ತೊಂದನ್ನು ಕಾಗದಕ್ಕಿಳಿಸಿದ್ದು ನಮ್ಮನ್ನು ಇಂದಿಗೂ ಕಾಡುವ ಸಂಗತಿ.

ಜಲವರ್ಣವೆಂದರೆ ಆಗ ಪ್ರವಾಸದ ಸಾಧನ. ತೈಲವರ್ಣದಂತೆ ದಿನಗಟ್ಟಲೆ ಒಣಗಬೇಕಿಲ್ಲ; ಸಣ್ಣ ಪೆಟ್ಟಿಗೆಯಲ್ಲಿ ಬಣ್ಣ, ಒಂದಿಷ್ಟು ನೀರು, ಕಾಗದ ಇದ್ದರೆ ಡೇರೆಯ ಮುಂದೆಯೇ ಕುಳಿತು ತುಂಗಭದ್ರೆಯ ದಡವನ್ನು, ಬಂಡೆಗಳ ನಡುವಿನ ಗುಡಿಗಳನ್ನು ಬರೆಯಬಹುದು. ಕ್ಯಾಮೆರಾ ಹಂಪೆಯನ್ನು ವಿವರವಾಗಿ ಕಂಡದ್ದು 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿ ಅಲ್ಲಿಗೆ ಬಂದಾಗ. ಅವನ ಛಾಯಾಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಐವತ್ತು ರೂಪಾಯಿ ನೋಟಿನ ಮೇಲಿನ ರಥಕ್ಕೆ ಅದಿಲ್ಲ. ಇಷ್ಟು ಬೇಗ ರೂಪು ಬದಲಿಸಿದ ಊರಿನಲ್ಲಿ, ಛಾಯಾಚಿತ್ರಕ್ಕಿಂತ ಅರ್ಧ ಶತಮಾನ ಹಿಂದಿನ ಒಂದು ಹಾಳೆಯ ಬೆಲೆ ಏನೆಂಬುದನ್ನು ಬೇರೆ ಹೇಳಬೇಕಿಲ್ಲ.

ಆದರೆ ಆ ಹಾಳೆಗಳನ್ನು ಬರೆದವರು ಯಾರು? ಮೆಕೆಂಜಿ ಸಂಗ್ರಹದ 1,500ಕ್ಕೂ ಹೆಚ್ಚು ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಬಹುಪಾಲು ಅವನ ಕೈಬರಹವಲ್ಲ, ನಕ್ಷೆಗಾರರದು. ಮದರಾಸಿನಲ್ಲಿ 1794ರಲ್ಲಿ ತೆರೆದ ಮೋಜಣಿ ಶಾಲೆಯಲ್ಲಿ ಅನಾಥಾಲಯದ ಹುಡುಗರಿಗೆ ಅಳತೆ, ರೇಖಾಚಿತ್ರಗಳನ್ನು ಕಲಿಸುತ್ತಿದ್ದರು. ಮೈಸೂರು ಮೋಜಣಿಗೆ ಬಂದ ಬೆಂಜಮಿನ್ ವಾರ್ಡ್ ಅಲ್ಲಿಯವನೇ. ಅವನ ಹೆಸರು ಉಳಿಯಿತು. ಎಷ್ಟೋ ಹಾಳೆಗಳ ಮೇಲೆ ಯಾರ ಹೆಸರೂ ಇಲ್ಲ. ಸರ್ಕಾರಿ ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಕರಡು ಒಬ್ಬನದು, ರುಜು ಇನ್ನೊಬ್ಬನದು.

ಬರಹದ ಕಡೆ ಪರಿಸ್ಥಿತಿ ತುಸು ವಾಸಿ. ಈ ನಾಡಿನ ಭಾಷೆಗಳು ಬಾರದ ಮೆಕೆಂಜಿಗೆ ಊರೂರಿನ ಕತೆಗಳನ್ನು ತಂದುಕೊಟ್ಟವರು ಕಾವಲಿ ವೆಂಕಟ ಬೋರಯ್ಯ, ಅವನು 1803ರಲ್ಲಿ ತೀರಿದ ಮೇಲೆ ತಮ್ಮ ಲಕ್ಷ್ಮಯ್ಯ, ಜೊತೆಗೆ ಜೈನ ಪಂಡಿತ ಧರ್ಮಯ್ಯ. ಇವರ ಶ್ರಮದಿಂದಲೇ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕನ್ನಡ ಕೈಫಿಯತ್ತುಗಳು ಇಂದು ನಮಗೆ ಓದಲು ಸಿಗುತ್ತಿವೆ.

1816ರಲ್ಲಿ ಐರಿಷ್ ಕಲಾವಿದ ಥಾಮಸ್ ಹಿಕಿ ಮೆಕೆಂಜಿಯ ತೈಲಚಿತ್ರ ಬರೆದನು. ಕೆಂಪು ಕೋಟಿನ ಅಧಿಕಾರಿಯ ಸುತ್ತ ಮೂವರು ಭಾರತೀಯರಿದ್ದಾರೆ. ಒಬ್ಬ ಧರ್ಮಯ್ಯನೆಂದೂ, ದೂರದರ್ಶಕ ಹಿಡಿದವನು ಕಿಷ್ಟ್ನಾಜಿ ಎಂಬ ಜವಾನನೆಂದೂ ಗುರುತಿಸುವುದು ವಾಡಿಕೆ. ಹಿನ್ನೆಲೆಯ ಭೂದೃಶ್ಯದಲ್ಲಿ ನಿಂತಿರುವುದು ಸ್ಕಾಟ್ಲೆಂಡಿನ ಬೆಟ್ಟವಲ್ಲ, ನಮ್ಮ ಕಾರ್ಕಳದ ಗೊಮ್ಮಟ. ಹಂಪೆಯ ಹಾಳೆಗಳಿಗೆ ಬಣ್ಣ ತುಂಬಿದ ಹುಡುಗರಿಗೆ ಆ ಚಿತ್ರದಲ್ಲೂ ಜಾಗ ಸಿಗಲಿಲ್ಲ.