ತಲುಪುವ ಕೈ, ಸಾಗುವ ಕೈ: ಮೌಸ್ ಮತ್ತು ಗ್ರಾಫಿಕ್ಸ್ ಟ್ಯಾಬ್ಲೆಟ್ ಕುರಿತು ಒಂದು ಟಿಪ್ಪಣಿ

ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿರುವ ಮೌಸ್ ಸಾಕೇ, ಟ್ಯಾಬ್ಲೆಟ್ ಕೊಳ್ಳಲೇಬೇಕೇ? ಕಲಾವಿದರನ್ನು ಕೇಳಿದರೆ ಟ್ಯಾಬ್ಲೆಟ್ ಎನ್ನುತ್ತಾರೆ. ಪ್ರಯೋಗಾಲಯದ ಪ್ರಬಂಧಗಳನ್ನು ತೆರೆದರೆ ಉತ್ತರ ಅಷ್ಟು ನೇರವಾಗಿಲ್ಲ. ಅಲ್ಲಿ ಮೌಸ್ ಎಷ್ಟೋ ಸಲ ಮುಂದಿದೆ, ಹಲವು ಸಲ ಸರಿಸಮ ನಿಂತಿದೆ. ಈ ಎರಡು ಉತ್ತರಗಳು ಏಕೆ ಕೂಡಿಬರುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ವಾದ ಇಷ್ಟು: ಚಿತ್ರದ ಜೀವ ಬಿಂದುಗಳ ಸ್ಥಾನದಲ್ಲಿದ್ದರೆ ಮೌಸ್‌ಗೆ ಯಾವ ಕೊರತೆಯೂ ಇಲ್ಲ. ಕೈ ಸಾಗಿದ ಬಗೆಯೇ ಚಿತ್ರದ ಜೀವವಾದಾಗ ಟ್ಯಾಬ್ಲೆಟ್ ಬೇಕೇ ಬೇಕು. ಇಲ್ಲಿ ಟ್ಯಾಬ್ಲೆಟ್ ಎಂದರೆ ಪರದೆಯಿಲ್ಲದ, ಪೆನ್ನಿನಿಂದ ಬರೆಯುವ ಹಲಗೆ ಎಂದು ತಿಳಿಯಬೇಕು. ಕಡಿಮೆ ಬೆಲೆಗೆ ಸಿಗುವುದೂ, ಹೊಸಬರು ಮೊದಲು ಕೊಳ್ಳುವುದೂ ಅದನ್ನೇ.

ಎರಡೂ ಸಾಧನಗಳು ಓರಗೆಯವು. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ 1963ರಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ರೂಪಿಸಿದ್ದರು. ಮರುವರ್ಷ ಕ್ಯಾಲಿಫೋರ್ನಿಯಾದ ರ್‍ಯಾಂಡ್ ಸಂಸ್ಥೆ ತನ್ನ ಟ್ಯಾಬ್ಲೆಟ್ಟನ್ನು ಪ್ರಕಟಿಸಿತು. ಸುಮಾರು ಹತ್ತು ಇಂಚು ಚೌಕದ ಆ ಹಲಗೆಯೊಳಗೆ ಇಂಚಿಗೆ 100ರಂತೆ ಅಡ್ಡ ಮತ್ತು ಉದ್ದ ಗೆರೆಗಳಿದ್ದವು. ಗುರುತಿಸಬಲ್ಲ ಬಿಂದುಗಳು ಹತ್ತು ಲಕ್ಷಕ್ಕೂ ಮಿಕ್ಕು. ಅದೇ 1964ರಲ್ಲಿ, ಅದೇ ರಾಜ್ಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಮೊದಲ ಮೌಸ್ ಮಾಡಿದರು: ಒಂದು ಮರದ ಪೆಟ್ಟಿಗೆ, ಅದರಡಿ ಒಂದಕ್ಕೊಂದು ಅಡ್ಡಲಾಗಿ ಕೂತ ಎರಡು ಗಾಲಿ. ರ್‍ಯಾಂಡ್ ಹಲಗೆ ಕೈಬರಹವನ್ನೂ ರೇಖಾಚಿತ್ರವನ್ನೂ ಯಂತ್ರಕ್ಕೆ ಒಪ್ಪಿಸಲು ಹುಟ್ಟಿದ್ದು. ಎಂಗಲ್‌ಬಾರ್ಟ್ ಅವರ ಪೆಟ್ಟಿಗೆ ಹುಟ್ಟಿದ್ದು ಪರದೆಯ ಮೇಲಿನ ಪದವನ್ನು ಆರಿಸಲು. ಹುಟ್ಟಿನ ಈ ಭೇದವನ್ನು ಮುಂದಿನ ಅಳತೆಗಾರರು ಹೆಚ್ಚು ಗಮನಿಸಲಿಲ್ಲ ಎಂಬುದು ನನ್ನ ಅನಿಸಿಕೆ.

ಅಳತೆಯ ಮೂಲ ಇನ್ನೂ ಹಿಂದಿನದು. ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನ ಲೋಹದ ಕಡ್ಡಿ ಹಿಡಿದು ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಮುಟ್ಟಬೇಕಿತ್ತು. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಸಮಯ ಏರುತ್ತದೆ. ಆ ಏರಿಕೆಗೆ ಒಂದು ನಿಯಮವಿದೆ ಎಂದು ಅವರು ತೋರಿಸಿದರು. 1967ರಲ್ಲಿ ಇಂಗ್ಲಿಷ್, ಎಂಗಲ್‌ಬಾರ್ಟ್ ಮತ್ತು ಬರ್ಮನ್ ಹಲವು ಸಾಧನಗಳನ್ನು ಹೋಲಿಸಿದಾಗ ಪಳಗಿದ ಕೈಗಳಲ್ಲಿ ಮೌಸ್ ಮುಂದಿತ್ತು. ಹೊಸಬರಿಗೆ ಬೆಳಕಿನ ಪೆನ್ನು ಬೇಗ ಒಲಿದಿತ್ತು. 1978ರಲ್ಲಿ ಜೆರಾಕ್ಸ್ ಸಂಸ್ಥೆಯ ಕಾರ್ಡ್, ಇಂಗ್ಲಿಷ್ ಮತ್ತು ಬರ್ ಫಿಟ್ಸ್ ನಿಯಮವನ್ನೇ ಹಿಡಿದು ಮೌಸ್, ಜಾಯ್‌ಸ್ಟಿಕ್ ಮತ್ತು ಎರಡು ಬಗೆಯ ಕೀಲಿಗಳನ್ನು ಪರೀಕ್ಷಿಸಿದರು. ಮತ್ತೆ ಮೌಸ್ ಗೆದ್ದಿತು. ಈ ಪರೀಕ್ಷೆಗಳಲ್ಲೆಲ್ಲ ಕೆಲಸ ಒಂದೇ: ಗುರಿಯನ್ನು ತಲುಪುವುದು.

ಟ್ಯಾಬ್ಲೆಟ್ಟನ್ನೂ ಕೂಡಿಸಿಕೊಂಡ ಅಧ್ಯಯನಗಳು ಹೆಚ್ಚು ಕುತೂಹಲಕರ. 1991ರಲ್ಲಿ ಮೆಕೆನ್ಜಿ, ಸೆಲೆನ್ ಮತ್ತು ಬಕ್ಸ್‌ಟನ್ ಮೌಸ್, ಟ್ರ್ಯಾಕ್‌ಬಾಲ್, ಪೆನ್ನು ಮೂರನ್ನೂ ಎರಡು ಕೆಲಸಗಳಲ್ಲಿ ಹೋಲಿಸಿದರು. ಬರೀ ಗುರಿ ಮುಟ್ಟುವುದು ಒಂದು, ಒತ್ತಿ ಹಿಡಿದು ಎಳೆದೊಯ್ಯುವುದು ಇನ್ನೊಂದು. ಮುಟ್ಟುವುದರಲ್ಲಿ ಪೆನ್ನು ಮೌಸನ್ನು ಹಿಂದಿಕ್ಕಿತು. ಎಳೆಯುವುದರಲ್ಲಿ ಆ ಮೇಲುಗೈ ಉಳಿಯಲಿಲ್ಲ. ಚಿತ್ರಕಾರರು ಇದನ್ನು ಓದಿ ಹುಬ್ಬೇರಿಸಬಹುದು, ಏಕೆಂದರೆ ಗೆರೆಯೆಂದರೆ ಎಳೆಯುವುದೇ ಅಲ್ಲವೇ? ಆದರೆ ಆ ಪ್ರಯೋಗದ ‘ಎಳೆತ’ದಲ್ಲಿ ಕೈ ಯಾವ ದಾರಿ ಹಿಡಿದರೂ ಸರಿ, ಕೊನೆಗೆ ಗುರಿ ಸೇರಿದರಾಯಿತು. ದಾರಿಯನ್ನೇ ಕಟ್ಟಿಹಾಕಿದ ಪರೀಕ್ಷೆ ಬಂದದ್ದು 1990ರ ದಶಕದ ಕೊನೆಗೆ. ಜಾನಿ ಆಕೊ ಮತ್ತು ಶುಮಿನ್ ಜೈ 1997ರಲ್ಲಿ ಇಕ್ಕಟ್ಟಾದ ಓಣಿಯೊಳಗೆ ಕರ್ಸರ್ ನಡೆಸುವ ಕೆಲಸಕ್ಕೆ ಒಂದು ನಿಯಮ ಕಂಡುಕೊಂಡರು. 1999ರಲ್ಲಿ ಅದರಿಂದಲೇ ಐದು ಸಾಧನಗಳನ್ನು ನೇರ ಓಣಿಯಲ್ಲೂ ವರ್ತುಲ ಓಣಿಯಲ್ಲೂ ಅಳೆದರು. ಫಲಿತಾಂಶ: ಟ್ಯಾಬ್ಲೆಟ್ ಮತ್ತು ಮೌಸ್ ಒಂದೇ ಮೊದಲ ಗುಂಪಿನಲ್ಲಿ, ಟಚ್‌ಪ್ಯಾಡ್ ಮತ್ತು ಟ್ರ್ಯಾಕ್‌ಬಾಲ್ ಕಡೆಯ ಗುಂಪಿನಲ್ಲಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲೇ ಬೆರಳು ತೀಡುತ್ತಿರುವವರು ಇದನ್ನು ಗಮನಿಸಬೇಕು. ಅವರ ಮೊದಲ ಖರ್ಚು ಕೆಲವು ನೂರು ರೂಪಾಯಿಯ ಮೌಸ್ ಆದರೂ ದೊಡ್ಡ ಲಾಭವೇ.

ಈ ಓಣಿಯ ಪರೀಕ್ಷೆಯಲ್ಲೂ ಕೈ ಗೋಡೆ ಮುಟ್ಟಿತೇ, ಎಷ್ಟು ಹೊತ್ತಿಗೆ ಹೊರಬಂದಿತು ಎಂಬುದಷ್ಟೇ ಲೆಕ್ಕ. ಒಳಗೆ ಎಳೆದ ಗೆರೆ ಮೊದಲಲ್ಲಿ ತೆಳುವಾಗಿ, ಬಾಗಿನಲ್ಲಿ ಮೈದುಂಬಿ, ಕೊನೆಗೆ ಕೂದಲೆಳೆಯಂತೆ ಮುಗಿಯಿತೇ ಎಂದು ಆ ಗಡಿಯಾರ ಕೇಳುವುದಿಲ್ಲ. ಕಲಾವಿದರ ಅನುಭವಕ್ಕೂ ಪ್ರಯೋಗಾಲಯದ ಅಂಕಿಗೂ ನಡುವಿನ ಬಿರುಕು ಇಲ್ಲಿದೆ. ಇಬ್ಬರೂ ಸರಿ, ಅಳೆದ ವಸ್ತು ಮಾತ್ರ ಬೇರೆ ಬೇರೆ.

ಮೌಸ್ ಕಂಪ್ಯೂಟರಿಗೆ ಹೇಳುವುದು ಬಹಳ ಕಡಿಮೆ. ಇಂದಿನ ಆಪ್ಟಿಕಲ್ ಮೌಸಿನ ಹೊಟ್ಟೆಯಲ್ಲಿ ಪುಟ್ಟ ದೀಪವೂ ಪುಟ್ಟ ಕ್ಯಾಮೆರಾವೂ ಇರುತ್ತವೆ. ಮೇಜಿನ ಮೇಲ್ಮೈಯನ್ನು ಮೇಲಿಂದ ಮೇಲೆ ಸೆರೆಹಿಡಿದು, ಹಿಂದಿನ ಚಿತ್ರಕ್ಕಿಂತ ಎಷ್ಟು ಸರಿದಿದೆ ಎಂದು ಅದು ತಿಳಿಸುತ್ತದೆ. ಎತ್ತಿ ಬೇರೆಡೆ ಇಟ್ಟರೆ ಅದಕ್ಕೆ ಗೊತ್ತಾಗದು. ಗುಂಡಿ ಒತ್ತಿದೆಯೇ ಇಲ್ಲವೇ ಎಂಬುದಕ್ಕೆ ಎರಡೇ ಉತ್ತರ. ಟ್ಯಾಬ್ಲೆಟ್ ಹೇಳುವುದು ಇದಕ್ಕಿಂತ ಬಹಳ. 1983ರಲ್ಲಿ ಜಪಾನಿನಲ್ಲಿ ಆರಂಭವಾದ ವಾಕಾಮ್ ಕಂಪನಿ ಪ್ರಸಿದ್ಧಿಗೆ ತಂದ ವಿಧಾನದಲ್ಲಿ, ಹಲಗೆಯೊಳಗಿನ ತಂತಿಜಾಲ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಸುರುಳಿ ಮತ್ತು ಕೆಪಾಸಿಟರ್ ಅದರಿಂದಲೇ ಶಕ್ತಿ ಪಡೆದು ಅನುರಣಿಸಿ ಮರುದನಿ ಕೊಡುತ್ತವೆ. ಹೀಗಾಗಿ ಪೆನ್ನಿಗೆ ಬ್ಯಾಟರಿ ಬೇಡ. ಮರುದನಿ ಯಾವ ತಂತಿಗಳಲ್ಲಿ ಎಷ್ಟು ಬಲವಾಗಿದೆ ಎಂಬುದರಿಂದ ಸ್ಥಾನ ತಿಳಿಯುತ್ತದೆ. ಮೊನೆಯನ್ನು ಒತ್ತಿದಾಗ ಅದರ ಆವರ್ತನ ಬದಲಾಗುವುದರಿಂದ ಒತ್ತಡ ತಿಳಿಯುತ್ತದೆ. ಪೆನ್ನು ಹಲಗೆಯಿಂದ ತುಸು ಮೇಲಿದ್ದಾಗಲೂ ಕರ್ಸರ್ ಅದರ ಹಿಂದೆಯೇ ಬರುತ್ತದೆ. ಗೆರೆ ಶುರುವಾಗುವ ಮುನ್ನ ಕೈ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಿರುವುದು ಇದರಿಂದ.

ಕೈಯ ಅಂಗರಚನೆಯೂ ಇದಕ್ಕೆ ಜೊತೆಗೂಡುತ್ತದೆ. ಬಾಲಕೃಷ್ಣನ್ ಮತ್ತು ಮೆಕೆನ್ಜಿ 1997ರಲ್ಲಿ ಅಳೆದಂತೆ, ಆಸರೆಯಿಲ್ಲದ ತೋರುಬೆರಳಿನ ಸಾಮರ್ಥ್ಯ, ಫಿಟ್ಸ್ ನಿಯಮದ ಮಾನದಲ್ಲಿ, ಸೆಕೆಂಡಿಗೆ ಸುಮಾರು 3 ಬಿಟ್. ಮಣಿಕಟ್ಟು ಮತ್ತು ಮುಂಗೈಯದು ಸುಮಾರು 4.1, ಹೆಬ್ಬೆರಳೂ ತೋರುಬೆರಳೂ ಕೂಡಿ ದುಡಿದರೆ ಸುಮಾರು 4.5. ಮೌಸ್ ಓಡುವುದು ಮಣಿಕಟ್ಟು ಮತ್ತು ಮುಂಗೈಯಿಂದ, ಪೆನ್ನು ಆಡುವುದು ಬೆರಳುಗಳ ಜೋಡಿಯಿಂದ. ವ್ಯತ್ಯಾಸವಿದೆ, ಆದರೆ ಅದು ದೊಡ್ಡದಲ್ಲ. ಪೆನ್ನಿನ ಹೆಚ್ಚುಗಾರಿಕೆ ವೇಗದಲ್ಲಿಲ್ಲ, ಒತ್ತಡದ ಮಾಹಿತಿಯಲ್ಲಿದೆ ಎಂದು ನಾನು ಒತ್ತಿ ಹೇಳುವುದಕ್ಕೆ ಈ ಅಂಕಿಗಳೂ ಆಧಾರ.

ಟ್ಯಾಬ್ಲೆಟ್ ಕೊಂಡ ಮೊದಲ ವಾರ ಎಷ್ಟೋ ಜನ ನಿರಾಶರಾಗುತ್ತಾರೆ. ನಡುಗುವ ಗೆರೆ, ಮೊಟ್ಟೆಯಾಗುವ ವೃತ್ತ. ‘ನನ್ನ ಕೈಯಲ್ಲಿ ಕಲೆಯಿಲ್ಲ’ ಎಂದು ಪೆಟ್ಟಿಗೆ ಮುಚ್ಚಿಡುವವರಿದ್ದಾರೆ. ಅದು ನನಗೆ ನೋವಿನ ಸಂಗತಿ, ಏಕೆಂದರೆ ಬಹುಪಾಲು ದೋಷ ಲೆಕ್ಕದ್ದು. ಹೊಸಬರು ಹೆಚ್ಚಾಗಿ ಕೊಳ್ಳುವ ಸಣ್ಣ ಹಲಗೆಯ ಬರೆಯುವ ಜಾಗ 152 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಅಗಲ ಸುಮಾರು 345 ಮಿ.ಮೀ. ಅಂದರೆ ಕೈ ಒಂದು ಸೆಂಟಿಮೀಟರ್ ಸರಿದರೆ ಪರದೆಯಲ್ಲಿ ಗೆರೆ ಎರಡೂಕಾಲು ಸೆಂಟಿಮೀಟರಿಗೂ ಹೆಚ್ಚು ಓಡುತ್ತದೆ. ಕೈನಡುಕವೂ ಅಷ್ಟೇ ಹಿಗ್ಗುತ್ತದೆ. 24 ಇಂಚಿನ ಮಾನಿಟರಿಗೆ ಜೋಡಿಸಿದರೆ ಹಿಗ್ಗು ಸುಮಾರು ಮೂರೂವರೆ ಪಟ್ಟು. 216 ಮಿ.ಮೀ. ಅಗಲದ ಮಧ್ಯಮ ಹಲಗೆಯಲ್ಲಾದರೆ ಅದೇ ಲ್ಯಾಪ್‌ಟಾಪಿಗೆ 1.6 ಪಟ್ಟು ಮಾತ್ರ.

ವೃತ್ತದ ಲೆಕ್ಕವೂ ಹೀಗೆಯೇ. ಆ ಸಣ್ಣ ಹಲಗೆಯ ಪ್ರಮಾಣ 16:10, ಪರದೆಯದು 16:9. ಹಲಗೆ ಪೂರ್ತಿ ಪರದೆಗೆ ಹೊಂದಿಸಿದಾಗ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಅಡ್ಡಕ್ಕೆ ಮಿಲಿಮೀಟರಿಗೆ 12.6 ಪಿಕ್ಸೆಲ್ ಬೀಳುತ್ತದೆ, 1080 ಪಿಕ್ಸೆಲ್ ಎತ್ತರದಲ್ಲಿ ಉದ್ದಕ್ಕೆ 11.4. ಕೈ ಸರಿಯಾದ ವೃತ್ತವನ್ನೇ ಎಳೆದರೂ ಪರದೆಯಲ್ಲಿ ಅದು ಅಡ್ಡಕ್ಕೆ ನೂರಕ್ಕೆ 11ರಷ್ಟು ಅಗಲವಾಗುತ್ತದೆ. ಡ್ರೈವರಿನಲ್ಲಿ ಪ್ರಮಾಣ ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿದರೆ ಹಲಗೆಯ ಕೆಳಗಿನ ಒಂಬತ್ತೂವರೆ ಮಿ.ಮೀ. ಪಟ್ಟಿ ಸುಮ್ಮನಿರುತ್ತದೆ, ವೃತ್ತ ವೃತ್ತವಾಗುತ್ತದೆ. ಮೌಸಿಗೂ ಇಂಥ ಒಂದು ಗುಪ್ತ ದೋಷವಿದೆ. ವಿಂಡೋಸ್‌ನಲ್ಲಿ ‘ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಚಾಲೂ ಇದ್ದಾಗ ಬೇಗ ಸರಿಸಿದ ಮೌಸ್ ಅದೇ ದೂರಕ್ಕೆ ಕರ್ಸರನ್ನು ಹೆಚ್ಚು ಓಡಿಸುತ್ತದೆ. ಗುರಿ ತಲುಪಲು ಇದು ಅನುಕೂಲ, ಗೆರೆಗೆ ಮಾರಕ. ಚಿತ್ರ ಬರೆಯುವಾಗ ಅದನ್ನು ನಿಲ್ಲಿಸಿಡುವುದು ಒಳ್ಳೆಯದು.

ಇನ್ನು ಮೌಸ್ ಎಲ್ಲಿ ಸಾಕು? ಧಾರವಾಡ ಸೀಮೆಯ ಕಸೂತಿ ಇದಕ್ಕೆ ಚೆನ್ನಾದ ಪುರಾವೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಗೋಪುರ, ತೇರು, ಆನೆ, ತುಳಸಿಕಟ್ಟೆ ಯಾವುದೇ ಇರಲಿ, ಸೂಜಿ ಇಳಿಯುವ ತೂತು ಯಾವುದು ಎಂಬುದೇ ವಿನ್ಯಾಸ. ಎರಡು ತೂತುಗಳ ನಡುವಿನ ದಾರಕ್ಕೆ ದಪ್ಪ-ತೆಳುವಿನ ಏರಿಳಿತವಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಮುಂದೂ ಹಿಂದೂ ಒಂದೇ ರೂಪ ಮೂಡಬೇಕಾದ್ದರಿಂದ ಈ ಎಣಿಕೆ ಇನ್ನೂ ಕಟ್ಟುನಿಟ್ಟು. ಇದನ್ನು ಪರದೆಗೆ ತರುವವರಿಗೆ ಚೌಕಳಿಗೆ ಅಂಟುವ ಕರ್ಸರ್ ಮತ್ತು ಖಚಿತವಾದ ಕ್ಲಿಕ್ ಬೇಕು; ಅದಕ್ಕೆ ಮೌಸ್ ಪೆನ್ನಿಗಿಂತ ಮೇಲು, ಏಕೆಂದರೆ ಕ್ಲಿಕ್ ಮಾಡುವಾಗ ಅದು ಮೇಜಿನ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಪೆನ್ನಿನ ಮೊನೆ ತಾಗುವ ಕ್ಷಣದಲ್ಲಿ ತುಸು ಜಾರುತ್ತದೆ.

ಸೂಸನ್ ಕೇರ್ 1984ರ ಮ್ಯಾಕಿಂಟಾಷ್‌ಗಾಗಿ ರಚಿಸಿದ ಐಕಾನ್‌ಗಳೂ ಇದೇ ಜಾತಿಯವು. 32 ಸಾಲು, 32 ಕಂಬ, ಒಟ್ಟು 1024 ಚೌಕ. ಪ್ರತಿ ಚೌಕ ಕಪ್ಪೋ ಬಿಳಿಯೋ. ಮೊದಲು ಗ್ರಾಫ್ ಹಾಳೆಯಲ್ಲಿ ತುಂಬಿ ನೋಡಿದವರು ಅವರು. ಚಿತ್ರಕಲಾವಿದ ಆಂಡಿ ವಾರ್ಹೋಲ್ 1985ರಲ್ಲಿ ನ್ಯೂಯಾರ್ಕಿನಲ್ಲಿ ಅಮಿಗಾ ಕಂಪ್ಯೂಟರಿನ ಬಿಡುಗಡೆಯ ದಿನ ಗಾಯಕಿ ಡೆಬಿ ಹ್ಯಾರಿಯ ಚಿತ್ರಕ್ಕೆ ಮೌಸಿನಿಂದ ಬಣ್ಣ ತುಂಬಿದರು. ಅವರ ಅಮಿಗಾ ಚಿತ್ರಗಳು ಫ್ಲಾಪಿಗಳಿಂದ 2014ರಲ್ಲಿ ಮತ್ತೆ ಬೆಳಕಿಗೆ ಬಂದವು. ಅವುಗಳಲ್ಲಿ ಬಣ್ಣದ ಹರವುಗಳಿಗೆ ಇರುವ ಧೈರ್ಯ ಕೈಯಿಂದ ಎಳೆದ ಗೆರೆಗೆ ಇಲ್ಲ ಎಂದು ನನಗೆ ತೋರುತ್ತದೆ. ಬಣ್ಣ ಸುರಿಯಲು ಒಂದು ಕ್ಲಿಕ್ ಸಾಕಲ್ಲವೇ?

ಕನ್ನಡ ಅಕ್ಷರ ಬರೆಯುವವರ ಸ್ಥಿತಿ ಇನ್ನೂ ಸೂಕ್ಷ್ಮ, ಏಕೆಂದರೆ ಇಲ್ಲಿ ಎರಡೂ ಬಗೆಯ ಕೆಲಸ ಒಂದೇ ಅಕ್ಷರದಲ್ಲಿ ಸೇರುತ್ತವೆ. ನಮ್ಮ ಲಿಪಿ ದುಂಡಗಿನದು; ‘ಠ’ದಂಥ ಅಕ್ಷರದಲ್ಲಿ ನೇರ ಗೆರೆಗೆ ಜಾಗವೇ ಕಡಿಮೆ. ಪತ್ರಿಕೆಯ ತಲೆಬರಹಕ್ಕೋ ಪುಸ್ತಕದ ಮುಖಪುಟಕ್ಕೋ ಕೈಬರಹದ ಅಕ್ಷರ ಬೇಕಾದಾಗ, ತಲೆಕಟ್ಟಿನಿಂದ ಹೊಟ್ಟೆಗೆ ಇಳಿಯುವ ಓಟ, ಒತ್ತಕ್ಷರದ ಬಾಲದಲ್ಲಿ ತೆಳುವಾಗುವ ಬಗೆ, ಇವೆಲ್ಲ ಒಂದೇ ಉಸಿರಿನಲ್ಲಿ ಬರಬೇಕು. ಮೌಸಿನಿಂದ ಎಳೆದ ತಲೆಕಟ್ಟು ತುಂಡುತುಂಡಾಗಿ ಕಾಣುವುದು ಈ ಓಟ ತಪ್ಪುವುದರಿಂದ. ಆದರೆ ಅದೇ ಅಕ್ಷರವನ್ನು ಫಾಂಟ್ ಮಾಡಲು ಕೂತಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಫಾಂಟಿನ ಹೊರರೇಖೆ ಕೈಯ ಗೆರೆಯಲ್ಲ; ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ಪಿಯರ್ ಬೆಜಿಯೆ ಮತ್ತು ಪಾಲ್ ದ ಕಾಸ್ಟೆಲ್ಜೋ ರೂಪಿಸಿದ ವಕ್ರರೇಖೆ. ಬಾಗಿನ ತುತ್ತತುದಿಗಳಲ್ಲಿ ಬಿಂದು ಇಟ್ಟು, ಹಿಡಿಕೆಗಳನ್ನು ಅಡ್ಡಕ್ಕೋ ಉದ್ದಕ್ಕೋ ನೆಟ್ಟಗೆ ಎಳೆದು, ಕೀಲಿಯೊತ್ತಿ ಒಂದೊಂದೇ ಮಾನ ಸರಿಸುವ ಕೆಲಸವದು. ಅಲ್ಲಿ ಮೌಸ್ ಮತ್ತು ಕೀಬೋರ್ಡ್ ಸರಿಯಾದ ಸಲಕರಣೆಗಳು. ಅಕ್ಷರದ ಕರಡಿಗೆ ಪೆನ್ನು, ಅದರ ಹೊರರೇಖೆಗೆ ಮೌಸ್ ಎಂಬ ಕ್ರಮವನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ.

ಮೌಸ್ ಬಿಟ್ಟು ಬೇರೆ ಗತಿಯಿಲ್ಲದವರಿಗೆ ತಂತ್ರಾಂಶಗಳು ಸ್ವಲ್ಪ ನೆರವಾಗುತ್ತವೆ. ಉಚಿತವಾಗಿ ಸಿಗುವ ಕ್ರಿಟಾದಲ್ಲಿ ಗೆರೆಯ ನಡುಕ ತೆಗೆಯುವ ಸ್ಟೆಬಿಲೈಜರ್ ಇದೆ. ಇಂಕ್‌ಸ್ಕೇಪಿನ ಕ್ಯಾಲಿಗ್ರಫಿ ಸಲಕರಣೆಯಲ್ಲಿ ಗೆರೆಯ ದಪ್ಪವನ್ನು ವೇಗಕ್ಕೆ ಕಟ್ಟಬಹುದು: ಬೇಗ ಎಳೆದರೆ ತೆಳು, ನಿಧಾನಕ್ಕೆ ದಪ್ಪ. ಮೌಸ್ ಕೊಡಲಾರದ ಒತ್ತಡವನ್ನು ವೇಗದಿಂದ ಊಹಿಸುವ ಜಾಣ ಉಪಾಯವಿದು. ಆದರೆ ನಿಧಾನವಾಗಿ, ತೆಳುವಾಗಿ ಎಳೆಯುವ ಗೆರೆ ಇದರಲ್ಲಿ ಸಾಧ್ಯವಿಲ್ಲ. ಮೈಸೂರು ಶೈಲಿಯ ಚಿತ್ರದಲ್ಲಿ ಕಣ್ಣಿನ ರೆಪ್ಪೆಗೆ ಬೇಕಾದದ್ದು ಅದೇ ಗೆರೆ.

ಕೊಳ್ಳಲು ನಿಶ್ಚಯಿಸಿದವರು ಪೆಟ್ಟಿಗೆಯ ಮೇಲಿನ ಒತ್ತಡದ ಹಂತಗಳ ಸಂಖ್ಯೆಗೆ ಮರುಳಾಗಬಾರದು. 2048 ಹಂತವಿದ್ದರೆ ಸಾಕು, 8192 ಇದ್ದರೂ ಸರಿಯೇ. ಕೈಗೆ ತಿಳಿಯುವ ವ್ಯತ್ಯಾಸ ಬರುವುದು ಒತ್ತಡದ ವಕ್ರರೇಖೆಯನ್ನು ತಮ್ಮ ಕೈಬಲಕ್ಕೆ ತಕ್ಕಂತೆ ತಿದ್ದಿಕೊಂಡಾಗ. ಹಲಗೆಯ ಅಳತೆಗೆ ಹೆಚ್ಚು ಹಣ ಕೊಡುವುದು ಅದಕ್ಕಿಂತ ಒಳ್ಳೆಯದು. ಪೆನ್ನಿನ ವಾಲಿಕೆಯನ್ನು ಅಗ್ಗದ ಹಲಗೆಗಳಲ್ಲಿ ಹಲವು ಗುರುತಿಸುವುದಿಲ್ಲ. ಪೆನ್ಸಿಲನ್ನು ಮಲಗಿಸಿ ಛಾಯೆ ತುಂಬುವ ಅಭ್ಯಾಸವಿದ್ದವರು ಕೇಳಿಯೇ ಕೊಳ್ಳಬೇಕು. ವಿಂಡೋಸ್‌ನಲ್ಲಿ ಒತ್ತಡವೇ ಬರದಿದ್ದರೆ ಪೆನ್ನು ಕೆಟ್ಟಿದೆ ಎನ್ನುವ ಮೊದಲು ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳ ನಡುವೆ ಬದಲಿಸಿ ನೋಡಬೇಕು. ಕಾಗದದ ಮೇಲೆ ಕೈ ಈಗಾಗಲೇ ಪಳಗಿದವರಿಗೆ ಇನ್ನೊಂದು ದಾರಿಯೂ ಇದೆ: ಗೆರೆಯನ್ನು ಶಾಯಿಯಲ್ಲೇ ಮುಗಿಸಿ, ಸ್ಕ್ಯಾನ್ ಮಾಡಿ, ಬಣ್ಣವನ್ನು ಮೌಸಿನಿಂದ ತುಂಬುವುದು. ವ್ಯಂಗ್ಯಚಿತ್ರಕ್ಕೆ ಇದು ಇಂದಿಗೂ ಪೂರ್ತಿ ಸಾಲುತ್ತದೆ. ಬಣ್ಣದ ಮೇಲೆ ಬಣ್ಣ ಕರಗಿಸಬೇಕಾದ ಭಾವಚಿತ್ರಕ್ಕೆ ಸಾಲದು. ಅಂಥ ಕೆಲಸ ಕೈಗೆ ಬಂದಾಗ ಹಲಗೆ ಕೊಂಡರೆ ತಡವಾಯಿತೆಂದೇನೂ ಅಲ್ಲ.