ಮಂಪ್ಸ್: ಪೈಪೋಟಿಗಾರರು ಕೂಡಿ ಕಟ್ಟಿದ ದತ್ತಸಂಚಯ

ಮಂಪ್ಸ್ ಎಂಬುದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1966-67ರ ವೇಳೆಗೆ ರೂಪುಗೊಂಡ ಗಣಕ ಭಾಷೆ. ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ತನ್ನೊಳಗೇ ಅಡಕಗೊಳಿಸಿಕೊಂಡಿರುವುದು ಇದರ ವೈಶಿಷ್ಟ್ಯ. ಒರೇಕಲ್‌ನಂತಹ ಹೆಸರುಗಳನ್ನು ಬಲ್ಲವರಲ್ಲೂ ಅನೇಕರಿಗೆ ಈ ಹೆಸರು ಅಪರಿಚಿತ. ಆದರೂ ಅಮೆರಿಕದ ಅನೇಕ ದೊಡ್ಡ ಆಸ್ಪತ್ರೆಗಳ ರೋಗಿ ದಾಖಲೆಗಳು ಇಂದಿಗೂ ಇದರ ವಂಶಕ್ಕೆ ಸೇರಿದ ತಂತ್ರಾಂಶಗಳಲ್ಲಿಯೇ ಇವೆ. ಕಿರಿದಾದ ಮಾರುಕಟ್ಟೆಯ ಈ ತಂತ್ರಜ್ಞಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದೆ. ಅದಕ್ಕೆ ಒಂದು ಮುಖ್ಯ ಕಾರಣ, ಪರಸ್ಪರ ಪೈಪೋಟಿಯಲ್ಲಿದ್ದ ತಯಾರಕರು ಬಳಕೆದಾರರ ಸಂಘದೊಡನೆ ಒಟ್ಟಿಗೆ ಕುಳಿತು ರೂಪಿಸಿದ ಮಾನಕ.

ಹುಟ್ಟು ಮತ್ತು ಸ್ವರೂಪ

ಆಸ್ಪತ್ರೆಯಲ್ಲಿ ಡಾ. ಆಕ್ಟೋ ಬಾರ್ನೆಟ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ ನೀಲ್ ಪಪ್ಪಲಾರ್ಡೊ, ಕರ್ಟಿಸ್ ಮಾರ್ಬಲ್ ಮತ್ತು ರಾಬರ್ಟ್ ಗ್ರೀನ್ಸ್ ಈ ಭಾಷೆಯನ್ನು ಸಿದ್ಧಪಡಿಸಿದರು. ಅವರ ಬಳಿಯಿದ್ದುದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ (ಡಿಇಸಿ) ತಯಾರಿಸಿದ ಪಿಡಿಪಿ-7 ಎಂಬ ಪುಟ್ಟ ಗಣಕ. ಅದರ ಸ್ಮೃತಿ ಅತ್ಯಲ್ಪ; ಆದರೆ ಹಲವು ವಿಭಾಗಗಳ ಸಿಬ್ಬಂದಿ ಏಕಕಾಲಕ್ಕೆ ಅದನ್ನು ಬಳಸಬೇಕಿತ್ತು.

ರೋಗಿಗಳ ದಾಖಲೆ ಏಕರೂಪದ್ದಲ್ಲ. ಒಬ್ಬರಿಗೆ ಎರಡು ಪರೀಕ್ಷೆಗಳು ನಡೆದಿದ್ದರೆ ಮತ್ತೊಬ್ಬರಿಗೆ ಇನ್ನೂರು ನಡೆದಿರುತ್ತವೆ. ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಬರೆಯಹೊರಟರೆ ಬಹುಪಾಲು ಕಲಮುಗಳು ಖಾಲಿ ಉಳಿಯುತ್ತವೆ. ಮಂಪ್ಸ್ ಮಾಹಿತಿಯನ್ನು ಮರದ ಕೊಂಬೆಗಳಂತೆ ಇರಿಸುತ್ತದೆ. ರೋಗಿಯ ಸಂಖ್ಯೆ ಒಂದು ಕೊಂಬೆ, ಅದರಡಿ ಪರೀಕ್ಷೆಯ ಹೆಸರು, ಅದರಡಿ ದಿನಾಂಕ, ತುದಿಯಲ್ಲಿ ಫಲಿತಾಂಶ. ಇರುವ ಮಾಹಿತಿಗಷ್ಟೇ ಜಾಗ ಬೇಕಾಗುತ್ತದೆ. ಹೆಸರಿನ ಮುಂದೆ ಒಂದು ಬಾಣದ ತಲೆಯಂತಹ ಚಿಹ್ನೆ ಇಟ್ಟರೆ ಆ ಮಾಹಿತಿ ಡಿಸ್ಕಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಇಡದಿದ್ದರೆ ಕೆಲಸ ಮುಗಿದೊಡನೆ ಅಳಿಯುತ್ತದೆ. ಕಡತ ತೆರೆಯುವ, ಮುಚ್ಚುವ ಗೋಜಿಲ್ಲ.

ಒಡಕಿನಿಂದ ಒಪ್ಪಂದಕ್ಕೆ

ಜನಪ್ರಿಯತೆಯೇ ಮೊದಲ ತೊಡಕಾಯಿತು. ಪಪ್ಪಲಾರ್ಡೊ ಅವರು 1969ರಲ್ಲಿ ಮೆಡಿಟೆಕ್ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆ ಎಂಐಐಎಸ್ ಎಂಬ ತನ್ನದೇ ರೂಪಾಂತರವನ್ನು ಬೆಳೆಸಿತು. ಡಿಇಸಿ ಮಂಪ್ಸ್-11 ಎಂಬ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಎಪ್ಪತ್ತರ ದಶಕದ ಆರಂಭದ ಹೊತ್ತಿಗೆ ಉಪಭಾಷೆಗಳು ಎಷ್ಟು ಬೆಳೆದಿದ್ದವೆಂದರೆ, ಒಂದು ಆಸ್ಪತ್ರೆಯಲ್ಲಿ ಬರೆದ ತಂತ್ರಾಂಶ ಇನ್ನೊಂದರಲ್ಲಿ ಓಡುವ ಭರವಸೆ ಇರಲಿಲ್ಲ.

1972ರಲ್ಲಿ ಮಂಪ್ಸ್ ಬಳಕೆದಾರರ ಸಂಘವೂ ಮಂಪ್ಸ್ ಅಭಿವೃದ್ಧಿ ಸಮಿತಿಯೂ ಅಸ್ತಿತ್ವಕ್ಕೆ ಬಂದವು. ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಾದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಈ ಯತ್ನಕ್ಕೆ ಬೆಂಬಲ ನೀಡಿತು. ಸಮಿತಿಯಲ್ಲಿ ತಯಾರಕರಷ್ಟೇ ಅಲ್ಲದೆ ಬಳಕೆದಾರರ ಪ್ರತಿನಿಧಿಗಳೂ ಇದ್ದರು. ಭಾಷೆಗೆ ಸೇರಬೇಕಾದ ಪ್ರತಿಯೊಂದು ಪ್ರಸ್ತಾವವೂ 'ಸಿ', 'ಬಿ', 'ಎ' ಎಂಬ ಹಂತಗಳನ್ನು ದಾಟಬೇಕಿತ್ತು. 'ಎ' ದರ್ಜೆ ಪಡೆದದ್ದು ಮಾತ್ರ ಮುಂದಿನ ಮಾನಕಕ್ಕೆ ಅರ್ಹ.

ಈ ಮಾನಕದ ಒಂದು ನಿಯಮ ವಿಶೇಷ ಉಲ್ಲೇಖಕ್ಕೆ ಯೋಗ್ಯ. ತಯಾರಕರು ತಮ್ಮದೇ ಸೌಲಭ್ಯಗಳನ್ನು ಸೇರಿಸಲು ಸ್ವತಂತ್ರರು. ಆದರೆ ಅಂತಹ ಆದೇಶಗಳ ಹೆಸರು 'ಝಡ್' ಅಕ್ಷರದಿಂದಲೇ ಆರಂಭವಾಗಬೇಕು. ಹೀಗಾಗಿ ಯಾವುದು ಎಲ್ಲರ ಸ್ವತ್ತು, ಯಾವುದು ಒಬ್ಬ ತಯಾರಕನ ಹೆಚ್ಚುಗಾರಿಕೆ ಎಂಬುದು ಓದುವಾಗಲೇ ತಿಳಿಯುತ್ತಿತ್ತು. 'ಝಡ್' ಇಲ್ಲದ ತಂತ್ರಾಂಶವನ್ನು ಬರೆದ ಗ್ರಾಹಕ ಯಾವ ಅಂಗಡಿಗೂ ಕಟ್ಟುಬೀಳಬೇಕಿರಲಿಲ್ಲ.

1977ರಲ್ಲಿ ಮಂಪ್ಸ್ ಅಮೆರಿಕದ ಆನ್ಸಿ ಮಾನಕವಾಯಿತು. 1984, 1990 ಮತ್ತು 1995ರಲ್ಲಿ ಅದು ಪರಿಷ್ಕೃತಗೊಂಡಿತು. 1992ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಮಾನ್ಯತೆಯೂ ಲಭಿಸಿತು. ಡಿಇಸಿ, ಇಂಟರ್‌ಸಿಸ್ಟಮ್ಸ್, ಮೈಕ್ರೊನೆಟಿಕ್ಸ್, ಡೇಟಾಟ್ರೀ, ಗ್ರೇಸ್ಟೋನ್ ಮೊದಲಾದ ಸಂಸ್ಥೆಗಳು ಒಂದೇ ಭಾಷೆಯನ್ನು ಮಾರುತ್ತ ವೇಗ, ಬೆಲೆ, ಸೇವೆಗಳಲ್ಲಿ ಪೈಪೋಟಿ ನಡೆಸಿದವು. ಬೇರೆ ಬೇರೆ ತಯಾರಕರ ವ್ಯವಸ್ಥೆಗಳು ಜಾಲದ ಮೂಲಕ ಪರಸ್ಪರರ ಮಾಹಿತಿ ಓದಲು 'ಓಪನ್ ಮಂಪ್ಸ್ ಇಂಟರ್‌ಕನೆಕ್ಟ್' ಎಂಬ ನಿಯಮಾವಳಿಯೂ ರೂಪುಗೊಂಡಿತು.

ಗ್ರಾಹಕನಿಗೆ ದೊರೆತ ಫಲ

ಇದರ ಲಾಭ ಎದ್ದು ಕಂಡದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ. ಎಂಬತ್ತರ ದಶಕದಲ್ಲಿ ಈ ಇಲಾಖೆ ಮಾನಕ ಮಂಪ್ಸ್‌ನಲ್ಲಿ ಬರೆದ ತಂತ್ರಾಂಶ ಮುಂದೆ ವಿಸ್ಟಾ ಎಂದು ಹೆಸರಾಯಿತು. ತಯಾರಕನನ್ನು ಅವಲಂಬಿಸಿದ ಭಾಗಗಳನ್ನೆಲ್ಲ 'ಕರ್ನಲ್' ಎಂಬ ಒಂದೇ ಕಡೆ ಕೂಡಿಟ್ಟಿದ್ದರಿಂದ, ಕೆಳಗಿನ ಯಂತ್ರ ಬದಲಾದರೂ ಮೇಲಿನ ವೈದ್ಯಕೀಯ ತಂತ್ರಾಂಶವನ್ನು ಹೊಸದಾಗಿ ಬರೆಯುವ ಅಗತ್ಯ ಬೀಳಲಿಲ್ಲ. ವಿಸ್ಟಾದ ಬದಲಿಗೆ ಬೇರೊಂದು ವ್ಯವಸ್ಥೆ ತರಲು ಇಲಾಖೆ 2018ರಲ್ಲಿ ಸರ್ನರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 2020ರಲ್ಲಿ ಮೊದಲ ಆಸ್ಪತ್ರೆಯಲ್ಲಿ ಆರಂಭವಾದ ಆ ಬದಲಾವಣೆ ಹಲವು ಅಡೆತಡೆಗಳನ್ನು ಎದುರಿಸಬೇಕಾಯಿತು.

ಖಾಲಿಯಾದ ಕುರ್ಚಿಗಳು

ತೊಂಬತ್ತರ ದಶಕದಲ್ಲಿ ಚಿತ್ರ ಬದಲಾಯಿತು. ಇಂಟರ್‌ಸಿಸ್ಟಮ್ಸ್ ಮೊದಲು ಡೇಟಾಟ್ರೀಯನ್ನು, 1995ರಲ್ಲಿ ಡಿಇಸಿಯ ಮಂಪ್ಸ್ ಉತ್ಪನ್ನವನ್ನು, 1998ರಲ್ಲಿ ಮೈಕ್ರೊನೆಟಿಕ್ಸ್‌ನ ಸ್ವತ್ತನ್ನು ಕೊಂಡುಕೊಂಡಿತು. 1997ರಲ್ಲಿ ಅದು ಬಿಡುಗಡೆ ಮಾಡಿದ ಕ್ಯಾಶೆ ಎಂಬ ಉತ್ಪನ್ನ ಎಸ್‌ಕ್ಯುಎಲ್ ಮುಂತಾದ ಹೊಸ ಸೌಲಭ್ಯಗಳನ್ನು ಒದಗಿಸಿತು. ಸಮಿತಿಯ ನಿಧಾನಗತಿಯಲ್ಲಿ ಅಷ್ಟು ಬೇಗ ಅದು ಸಾಧ್ಯವಾಗುತ್ತಿರಲಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಪೈಪೋಟಿಗಾರರು ಒಂದೇ ಸೂರಿನಡಿ ಸೇರಿದ ಮೇಲೆ ಒಪ್ಪಂದ ಯಾರೊಡನೆ ಮಾಡಿಕೊಳ್ಳುವುದು? ಸಮಿತಿಯ ಚಟುವಟಿಕೆ ಕ್ಷೀಣಿಸಿತು. 1999ರ ಐಎಸ್‌ಒ ಆವೃತ್ತಿಯ ನಂತರ ಹೊಸ ಮಾನಕ ಹೊರಬಂದಿಲ್ಲ.

ಆಗ ಆಸರೆಯಾದದ್ದು ಮುಕ್ತ ತಂತ್ರಾಂಶ. ಗ್ರೇಸ್ಟೋನ್‌ನ ಜಿಟಿ.ಎಂ ಬ್ಯಾಂಕಿಂಗ್ ತಂತ್ರಾಂಶ ತಯಾರಿಸುವ ಸ್ಯಾಂಚೆಜ್ ಸಂಸ್ಥೆಯ ಕೈಸೇರಿತ್ತು. 2000ದಲ್ಲಿ ಆ ಸಂಸ್ಥೆ ಅದನ್ನು ಲಿನಕ್ಸ್‌ಗಾಗಿ ಮುಕ್ತವಾಗಿ ಬಿಡುಗಡೆ ಮಾಡಿತು. ಸರ್ಕಾರಿ ಕೃತಿಯಾದ ವಿಸ್ಟಾ ಅದಾಗಲೇ ಸಾರ್ವಜನಿಕ ಸ್ವತ್ತಾಗಿತ್ತು. ಓಡಿಸುವ ಯಂತ್ರಕ್ಕೆ ಮಾತ್ರ ಹಣ ತೆರಬೇಕಿತ್ತು. ಜಿಟಿ.ಎಂ ಬಂದ ಮೇಲೆ ಆ ಹೊರೆಯೂ ಇಳಿಯಿತು. ಅದೇ ಮೂಲದಿಂದ 2017ರಲ್ಲಿ ಯೊಟ್ಟಾಡಿಬಿ ಹೊರಬಂದಿತು. ಜೋರ್ಡಾನ್ ದೇಶ ತನ್ನ ಸರ್ಕಾರಿ ಆಸ್ಪತ್ರೆಗಳ 'ಹಕೀಂ' ಯೋಜನೆಗೆ ವಿಸ್ಟಾವನ್ನೇ ಆಧಾರವಾಗಿಸಿಕೊಂಡಿತು. ಭಾರತದಲ್ಲಿ ದೆಹಲಿಯ ಮ್ಯಾಕ್ಸ್ ಆಸ್ಪತ್ರೆ ಸಮೂಹವೂ ವಿಸ್ಟಾವನ್ನು ಅಳವಡಿಸಿಕೊಂಡಿತು.

ತಯಾರಕ ಸಂಸ್ಥೆಗಳಿಗಿಂತ ರೋಗಿಯ ದಾಖಲೆಯ ಆಯುಸ್ಸು ದೀರ್ಘ. ಸಮಿತಿಯಲ್ಲಿ ಕುಳಿತಿದ್ದ ಹೆಸರುಗಳಲ್ಲಿ ಹಲವು ಇಂದು ಇಲ್ಲ. ಡಿಇಸಿಯೇ 1998ರಲ್ಲಿ ಕಾಂಪ್ಯಾಕ್‌ನಲ್ಲಿ ವಿಲೀನವಾಯಿತು. ಅವರು ಒಪ್ಪಿ ಬರೆದಿಟ್ಟ ನಿಯಮಗಳನ್ನು ಪಾಲಿಸಿದ ತಂತ್ರಾಂಶಗಳು ಮಾತ್ರ ಯಂತ್ರದಿಂದ ಯಂತ್ರಕ್ಕೆ ದಾಟಿ ಇಂದಿಗೂ ನಡೆಯುತ್ತಿವೆ. ಸರ್ಕಾರವಾಗಲಿ ಆಸ್ಪತ್ರೆಯಾಗಲಿ ದತ್ತಸಂಚಯ ಕೊಳ್ಳುವಾಗ, ಮಾರುವವನ ಬಲದ ಜೊತೆಗೆ ಅವನು ಯಾವ ಮಾನಕಕ್ಕೆ ಬದ್ಧನೆಂಬುದನ್ನೂ ವಿಚಾರಿಸಬೇಕೆಂಬುದು ಮಂಪ್ಸ್ ಇತಿಹಾಸ ನೀಡುವ ಪಾಠ.